ತೆರೆಯ ಗುಂಡು, ಕಿಟಕಿಯ ಕಲ್ಲು

"ಲೋಲಕ ತೋರಿಸೋಕೆ ಕಂಪ್ಯೂಟರ್ ಯಾಕ್ರೀ ಮೇಡಂ? ಒಂದು ದಾರ, ಒಂದು ಕಲ್ಲು ಸಾಕಲ್ವಾ?" ಸ್ಟಾಫ್ ರೂಮಿನಲ್ಲಿ ಹೀಗೆ ಕೇಳಿದವರು ನಮ್ಮ ಶಾಲೆಯ ಗಣಿತದ ಹಿರಿಯ ಮೇಷ್ಟ್ರು. ಕುಹಕಕ್ಕೆ ಕೇಳಿದ್ದಲ್ಲ. ಕರೆಂಟೇ ಇಲ್ಲದ ಶಾಲೆಗಳಲ್ಲಿ ಅರ್ಧ ಸರ್ವಿಸ್ ಕಳೆದವರು ಅವರು. ಹೊಳೆಕಲ್ಲಿಗೆ ದಾರ ಕಟ್ಟಿದರೆ ಮುಗಿಯುವ ಪಾಠಕ್ಕೆ ಮಕ್ಕಳನ್ನು ಚಪ್ಪಲಿ ಬಿಡಿಸಿ, ಸಾಲು ನಿಲ್ಲಿಸಿ ಲ್ಯಾಬಿಗೆ ಕರೆದೊಯ್ಯುವುದು ಅವರಿಗೆ ದುಂದು ಅನ್ನಿಸಿತ್ತು. ಪ್ರಶ್ನೆ ನ್ಯಾಯವಾದದ್ದೇ. ಆಮೇಲೆ ಅದಕ್ಕೆ ಉತ್ತರ ಕೊಟ್ಟವರು ಮಕ್ಕಳು, ಅದೂ ಅರ್ಧ ಅವರ ಪರ, ಅರ್ಧ ನನ್ನ ಪರ.

ಹಳೇಕೋಟೆ ಹೊಳೆನರಸೀಪುರ ತಾಲ್ಲೂಕಿನ ಒಂದು ಹೋಬಳಿ. ಸುತ್ತಲ ಹಳ್ಳಿಗಳಿಂದ ಮಕ್ಕಳು ಸೈಕಲ್ಲಿನಲ್ಲೋ ನಡೆದೋ ಬರುತ್ತಿದ್ದ ಸರ್ಕಾರಿ ಪ್ರೌಢಶಾಲೆ ನಮ್ಮದು. ಆಲೂಗಡ್ಡೆ ಕೀಳುವಾಗ ಒಮ್ಮೆ, ರಾಗಿ ಕುಯ್ಲಿಗೆ ಇನ್ನೊಮ್ಮೆ ಹಾಜರಿ ಪುಸ್ತಕ ಬಿಕೋ ಅನ್ನುತ್ತಿತ್ತು. ನಾನು ಚನ್ನರಾಯಪಟ್ಟಣದ ಕಡೆಯವಳು. ಹೊಳೆನರಸೀಪುರದಲ್ಲಿ ಮನೆ ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಲೋಲಕದ ಜೊತೆ ನನ್ನ ಹಳೆಯ ಪರಿಚಯ ಪಿಯುಸಿ ಪ್ರಾಕ್ಟಿಕಲ್ಲಿನದು. ಸೀಳಿದ ಬೆಂಡಿನ ನಡುವೆ ದಾರ ಸಿಗಿಸಿ, ಹಿತ್ತಾಳೆ ಗುಂಡು ಇಳಿಬಿಟ್ಟು, ವರ್ನಿಯರ್ ಹಿಡಿದು ಅದರ ವ್ಯಾಸ ಅಳೆದು, ಇಪ್ಪತ್ತು ಆಂದೋಲನಕ್ಕೆ ಸ್ಟಾಪ್‌ಕ್ಲಾಕ್ ಒತ್ತುವುದು. 'ಎಲ್ ಬೈ ಟಿ ಸ್ಕ್ವೇರ್' 0.248ರ ಹತ್ತಿರ ಬಂದರೆ 'ಜಿ' 9.8 ಬರುತ್ತದೆ ಎಂಬುದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಗುಟ್ಟಾಗಿ ದಾಟುತ್ತಿದ್ದ ವಿದ್ಯೆ. ಹಾಗಾಗಿ ಉತ್ತರದಿಂದ ಹಿಂದಕ್ಕೆ ಬಂದು ರೀಡಿಂಗ್ ಬರೆಯುವುದು ವಾಡಿಕೆ. ಅದಕ್ಕೆ 'ಕುಕ್ ಮಾಡೋದು' ಅನ್ನುತ್ತಿದ್ದರು. ಇಡೀ ಬ್ಯಾಚಿನ ರೆಕಾರ್ಡ್ ಪುಸ್ತಕಗಳಲ್ಲಿ ಭೂಮಿಯ ಗುರುತ್ವ ಒಂದು ದಶಮಾಂಶವೂ ಅಲುಗಾಡುತ್ತಿರಲಿಲ್ಲ. ಇಷ್ಟಾಗಿ, ಗುಂಡು ತೂಗುವುದನ್ನು ನೆಟ್ಟಗೆ ನೋಡಿದವರು ಕಡಿಮೆ. ಎಲ್ಲರ ಕಣ್ಣೂ ಗಡಿಯಾರದ ಮುಳ್ಳಿನ ಮೇಲೆ.

ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಅಲೆ ಅಲೆಯಾಗಿ. 2001ರಲ್ಲಿ 'ಮಾಹಿತಿ ಸಿಂಧು', ಆಮೇಲೆ ಐಸಿಟಿ ಯೋಜನೆಯ ಹಂತಗಳು, 2016-17ರಿಂದ ಟಿ.ಎ.ಎಲ್.ಪಿ. ನಡುವೆ 2011ರಲ್ಲಿ ಡಿ.ಎಸ್.ಇ.ಆರ್.ಟಿ. ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿದಾಗ ಉಬುಂಟು, ಜಿಯೋಜೀಬ್ರಾ, ಫೆಟ್ ಎಂಬ ಹೆಸರುಗಳು ನಮ್ಮ ಕಿವಿಗೆ ಬಿದ್ದವು. ತರಬೇತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಗಿಬಂದವರಿಗೆ ಗೊತ್ತು, ಹೋಗದವರಿಗೆ ಬೇಡ. ಆದರೆ ಫೆಟ್ ಬಗ್ಗೆ ಹೇಳಲೇಬೇಕು. ಆಗ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿದ್ದ ಕಾರ್ಲ್ ವೀಮನ್ 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ನಮ್ಮ ಸತ್ಯೇಂದ್ರನಾಥ ಬೋಸ್ ಹೆಸರು ಸೇರಿಕೊಂಡಿರುವ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ್ದಕ್ಕೆ ಬಂದ ಪ್ರಶಸ್ತಿ ಅದು. ಬಹುಮಾನದ ಹಣದಲ್ಲಿ ಒಂದು ಪಾಲು ಹಾಕಿ 2002ರಲ್ಲಿ ಅವರು ಆರಂಭಿಸಿದ್ದು ಮಕ್ಕಳು ಆಡಿಕೊಂಡು ಕಲಿಯುವ ಈ ಸಿಮ್ಯುಲೇಶನ್‌ಗಳನ್ನು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಇಂಟರ್ನೆಟ್ ಬರುವ ದಿನಕ್ಕಿಂತ ಬರದ ದಿನವೇ ಹೆಚ್ಚಿದ್ದ ನಮ್ಮಂಥ ಶಾಲೆಗೆ ಅದರ ದೊಡ್ಡ ಗುಣ ಬೇರೆಯೇ: ಒಂದು ಪಾಠಕ್ಕೆ ಒಂದೇ ಫೈಲು. ಪೆನ್‌ಡ್ರೈವ್‌ನಲ್ಲಿ ತಂದು ಡೆಸ್ಕ್‌ಟಾಪಿಗೆ ಹಾಕಿದರೆ ಆಯಿತು.

ಮೊದಲು ಕಲ್ಲು, ಆಮೇಲೆ ತೆರೆ: ಈ ಕ್ರಮವನ್ನು ನಾನು ಯಾವತ್ತೂ ಬಿಡಲಿಲ್ಲ. ಗೋಣಿಚೀಲ ಹೊಲಿಯುವ ದಾರ, ಹೇಮಾವತಿಯ ಮರಳಿನಿಂದ ಹೆಕ್ಕಿದ ಒಂದು ನುಣುಪು ಕಲ್ಲು, ಟ್ರಾಕ್ಟರಿನ ಒಂದು ಹಳೇ ನಟ್ಟು, ಅಂಗಡಿಯಿಂದ ಕೇಳಿ ತಂದ ತೂಕದ ಬಟ್ಟುಗಳು. ಕಿಟಕಿಯ ಮೇಲಿನ ಸರಳಿಗೆ ಕಟ್ಟಿ ತೂಗುಬಿಡುವ ಮುಂಚೆ ಕೇಳುತ್ತಿದ್ದೆ: ನೂರು ಗ್ರಾಂ ಬಟ್ಟಿಗೆ ಒಂದು ಸುತ್ತು ಬೇಗ ಆಗುತ್ತದೋ, ಅರ್ಧ ಕೇಜಿಗೋ?

"ಭಾರ ಇರೋದೇ ಬಿರ್ರನೆ ಬತ್ತದೆ ಮಿಸ್." ತರಗತಿ ಮುಕ್ಕಾಲು ಪಾಲು ಆ ಕಡೆ ಕೈಯೆತ್ತುತ್ತಿತ್ತು. ಕೈಯೆತ್ತದವರು ಪಕ್ಕದವರ ಮುಖ ನೋಡುತ್ತಿದ್ದರು. ತಮಾಷೆ ಇರುವುದು ಅಳತೆಯಲ್ಲಿ. ಭಾರದ ಬಟ್ಟು ಬೇಗ ಬರಬೇಕೆಂದು ನಂಬಿದ ಹುಡುಗ ಸ್ಟಾಪ್‌ವಾಚ್ ಹಿಡಿದರೆ ಅದು ನಿಜವಾಗಿಯೂ ಬೇಗ ಬರುತ್ತಿತ್ತು! ಮೋಸ ಮಾಡುತ್ತಿರಲಿಲ್ಲ ಪಾಪ. ನಂಬಿಕೆ ಹೆಬ್ಬೆರಳಿಗೆ ಇಳಿದು, ಗುಂಡಿ ಒಂದು ಚೂರು ಮುಂಚೆ ಒತ್ತಿಬಿಡುತ್ತಿತ್ತು. ಒಂದು ಗುಂಪಿಗೆ ಒಂದು ಉತ್ತರ, ಇನ್ನೊಂದಕ್ಕೆ ಇನ್ನೊಂದು. ಗಾಳಿ ಬೀಸಿದರೆ ಕಲ್ಲು ಗುಂಡಗೆ ಸುತ್ತುತ್ತಿತ್ತು, ದಾರ ಹುರಿ ಬಿಚ್ಚುತ್ತಿತ್ತು. ಹಿರಿಯ ಮೇಷ್ಟ್ರ 'ಒಂದು ದಾರ, ಒಂದು ಕಲ್ಲು' ಅವರು ಅಂದುಕೊಂಡಷ್ಟು ಸುಲಭದ ಪಾಠವೇನಲ್ಲ.

ಅಲ್ಲಿಂದ ಲ್ಯಾಬಿಗೆ. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ನೀಲಿ ಗುಂಡೊಂದು, ಕೆಂಪು ಗುಂಡೊಂದು. ಪಕ್ಕದಲ್ಲಿ ಉದ್ದಕ್ಕೊಂದು ಸ್ಲೈಡರು, ತೂಕಕ್ಕೊಂದು, ಗುರುತ್ವಕ್ಕೊಂದು, ಘರ್ಷಣೆಗೊಂದು. ಸ್ಕೇಲು ಇದೆ, ಸ್ಟಾಪ್‌ವಾಚ್ ಇದೆ. ಒಂದು ಆಂದೋಲನದ ಅವಧಿಯನ್ನು ತಾನೇ ಅಳೆದು ಹೇಳುವ ಟೈಮರೂ ಇದೆ. ಒಂದನ್ನು ಹಗುರ ಮಾಡಿ, ಇನ್ನೊಂದನ್ನು ಅದರ ಹತ್ತು ಪಟ್ಟಿಗಿಂತ ಭಾರ ಮಾಡಿ ಒಂದೇ ಕೋನದಿಂದ ಬಿಟ್ಟರೆ ಎರಡೂ ಜೋಡೆತ್ತಿನ ಹಾಗೆ ಹೆಜ್ಜೆ ತಪ್ಪದೆ ಹೋಗಿ ಬರುತ್ತವೆ. ಲ್ಯಾಬಿನಲ್ಲಿ ಮೌಸು ಯಾರ ಕೈಯಲ್ಲಿ ಎಂಬುದು ಮಾತ್ರ ನಾನು ಗಟ್ಟಿಯಾಗಿ ಕೂತು ತೀರ್ಮಾನಿಸಬೇಕಾಗುತ್ತಿತ್ತು. ಬಿಟ್ಟರೆ ಹುಡುಗರು ಮೌಸು ಹಿಡಿಯುತ್ತಾರೆ, ಹುಡುಗಿಯರು ಟೇಬಲ್ ಬರೆಯುತ್ತಾರೆ. ಪ್ರತಿ ಗುಂಪಿನಲ್ಲೂ ಮೊದಲ ಸರದಿ ಹುಡುಗಿಯದು ಎಂದು ನಿಯಮ ಮಾಡಿದೆ. ಗೊಣಗಾಟ ಬಂತು, ನಿಯಮ ಉಳಿಯಿತು.

ತೂಕ ಬದಲಾದರೂ ಅವಧಿ ಬದಲಾಗುವುದಿಲ್ಲ ಎಂದು ತೆರೆ ತೋರಿಸಿತು. ಮಕ್ಕಳು ಒಪ್ಪಿದರು, ಆದರೆ ನಂಬಲಿಲ್ಲ. ಆ ಮೌನದಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. "ಮಿಸ್, ಇದನ್ನ ಮಾಡ್ದವ್ರು ಆ ಸೂತ್ರನ ಒಳಗೆ ಬರ್ದಿಟ್ಟವ್ರಲ್ಲ? ಬರ್ದಿದ್ದನ್ನೇ ಅದು ಹೇಳ್ತಾ ಅದೆ. ನಾವು ಏನ್ ಕಂಡುಹಿಡ್ದಂಗಾಯ್ತು?"

ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಕೇಳಿದ ಎಷ್ಟೋ ಭಾಷಣಗಳಿಗಿಂತ ಈ ಮಾತು ತೂಕದ್ದು. ತೆರೆಯ ಮೇಲಿನ ಗುಂಡಿಗೆ ಭೂಮಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾರೋ ಬರೆದ ಲೆಕ್ಕ. ಲೆಕ್ಕ ತಪ್ಪಾಗಿದ್ದರೂ ಅದು ಇಷ್ಟೇ ಚೆಂದವಾಗಿ, ಇಷ್ಟೇ ನಯವಾಗಿ ತೂಗುತ್ತಿತ್ತು. ಕಂಪ್ಯೂಟರಿನಲ್ಲಿ ಬಂತು ಎಂಬುದನ್ನೇ ಪುರಾವೆ ಎಂದು ಹೇಳಿಕೊಟ್ಟರೆ, ರೆಕಾರ್ಡ್ ಪುಸ್ತಕದಲ್ಲಿ ಕೈಯಾರೆ ಮಾಡುತ್ತಿದ್ದ ಅಡುಗೆಯನ್ನೇ ಯಂತ್ರದ ಕೈಗೆ ಕೊಟ್ಟಂತೆ. "ಹಾಗಾದ್ರೆ ಅದು ನಿಜ ಹೇಳ್ತಿದೆಯೋ ಇಲ್ವೋ ಹೇಗೆ ತಿಳ್ಕೋಳ್ಳೋದು?" ಎಂದು ಅವಳನ್ನೇ ಕೇಳಿದೆ. ಉತ್ತರ ಹಿಂದಿನ ಬೆಂಚಿನಿಂದ ಬಂತು: "ಎರಡನ್ನೂ ಒಟ್ಟಿಗೆ ಬಿಡಾಣ."

ಲ್ಯಾಬಿನ ಕಿಟಕಿಗೆ ಹೊಳೆಕಲ್ಲು ಬಂತು. ದಾರ ಒಂದು ಮೀಟರ್. ಪಕ್ಕದ ಗೋಡೆಯ ಮೇಲೆ ತೆರೆಯ ಗುಂಡು, ಅದಕ್ಕೂ ಒಂದು ಮೀಟರ್. ಒಬ್ಬ ಕಲ್ಲು ಹಿಡಿದು ನಿಂತ, ಪ್ರಶ್ನೆ ಕೇಳಿದವಳು ಮೌಸ್ ಹಿಡಿದಳು. ಒಂದ್, ಎರಡ್, ಮೂರ್! ಮೊದಲ ಕೆಲವು ಆಂದೋಲನ ಎರಡೂ ಜೊತೆಜೊತೆಗೆ. ಚಪ್ಪಾಳೆ ಶುರುವಾಯಿತು. ಹತ್ತರ ಹೊತ್ತಿಗೆ ಕಲ್ಲು ಒಂದು ಚೂರು ಹಿಂದೆ ಬಿತ್ತು. ಮೂವತ್ಮೂರರ ಹೊತ್ತಿಗೆ ತೆರೆಯ ಗುಂಡು ಎಡಕ್ಕೆ ಹೋದಾಗ ನಮ್ಮ ಕಲ್ಲು ಬಲಕ್ಕೆ. ಗುಲ್ಲೋ ಗುಲ್ಲು. "ನೋಡಿ ಮಿಸ್, ಕಂಪ್ಯೂಟ್ರು ಸುಳ್ಳು!" ಗಲಾಟೆಗೆ ಪಕ್ಕದ ತರಗತಿಯಿಂದ ಹಿರಿಯ ಮೇಷ್ಟ್ರೂ ಬಂದು ಬಾಗಿಲಲ್ಲಿ ನಿಂತರು. ಅವರ ಮುಖದಲ್ಲಿ ಸಂತೋಷ ಇತ್ತು ಎಂದರೆ ಸುಳ್ಳಲ್ಲ.

ಯಾರದು ಸುಳ್ಳು ಎಂದು ಹುಡುಕಲು ಒಂದು ಪೀರಿಯಡ್ಡಿನ ಬಾಕಿ ಸಮಯವೆಲ್ಲ ಹೋಯಿತು. ಗಾಳಿ ಅಂದರು, ಕಿಟಕಿ ಮುಚ್ಚಿದರು. ಬಿಟ್ಟಿದ್ದು ತಡವಾಯಿತು ಅಂದರು, ಬೇರೆಯವನಿಂದ ಬಿಡಿಸಿದರು. ಮತ್ತೆ ಅಲ್ಲೇ, ಮೂವತ್ಮೂರರ ಆಸುಪಾಸಿನಲ್ಲೇ ಎದುರುಬದುರು. ಕೊನೆಗೆ ಒಬ್ಬ ಹುಡುಗ ತೆರೆಯ ಮೇಲಿನ ಸ್ಕೇಲನ್ನು ಎಳೆದು ಗುಂಡಿನ ಪಕ್ಕ ಇಟ್ಟ. ಅಲ್ಲಿ ಒಂದು ಮೀಟರ್ ಎಂದರೆ ಗುಂಡಿನ ನಡುಮಧ್ಯದವರೆಗೆ. ನಮ್ಮ ಒಂದು ಮೀಟರ್ ದಾರದ ಗಂಟಿನವರೆಗೆ. ಕಲ್ಲಿನ ನಡು ಅಲ್ಲಿಂದ ಇನ್ನೂ ಮೂರು ಸೆಂಟಿಮೀಟರ್ ಕೆಳಗೆ. ಅಂದರೆ ನಮ್ಮ ಲೋಲಕದ ಉದ್ದ 1.03 ಮೀಟರ್, ಅವಧಿ ನೂರಕ್ಕೆ ಒಂದೂವರೆಯಷ್ಟು ಹೆಚ್ಚು. ಸುಮಾರು ಅರವತ್ತೇಳು ಆಂದೋಲನಕ್ಕೆ ಒಂದು ಪೂರ್ತಿ ಆಂದೋಲನದಷ್ಟು ಹಿಂದೆ, ಅದರ ಅರ್ಧಕ್ಕೆ ಎದುರುಬದುರು. ಲೆಕ್ಕ ಕೂತಿತು. ದಾರ ಮೂರು ಸೆಂಟಿಮೀಟರ್ ಮೇಲೆ ಕಟ್ಟಿ ಬಿಟ್ಟರು. ಎಣಿಸುವವರ ಗಂಟಲು ಒಣಗುವವರೆಗೂ ಕಲ್ಲು, ಗುಂಡು ಜೊತೆ ಬಿಡಲಿಲ್ಲ. ನಾವು ಪಿಯುಸಿಯಲ್ಲಿ ವರ್ನಿಯರ್ ಹಿಡಿದು ಗುಂಡಿನ ವ್ಯಾಸ ಯಾಕೆ ಅಳೆಯುತ್ತಿದ್ದೆವು ಎಂಬುದು ಹಳೇಕೋಟೆಯ ಒಂಬತ್ತನೇ ತರಗತಿಗೆ ಹೀಗೆ ಸಿಕ್ಕಿತು.

ಅಂದಹಾಗೆ, ಉದ್ದ ಸರಿಯಾದರೂ ಸಣ್ಣದೊಂದು ವ್ಯತ್ಯಾಸ ಉಳಿದೇ ಇರುತ್ತದೆ. ಸಿಮ್ಯುಲೇಶನ್ನಿನ 'ಭೂಮಿ'ಯಲ್ಲಿ ಗುರುತ್ವ ವೇಗೋತ್ಕರ್ಷ 9.81. ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟಕ್ಕಿಂತ ಎತ್ತರ ಇರುವ ನಮ್ಮ ಸೀಮೆಯಲ್ಲಿ ಅದು 9.78ರ ಆಸುಪಾಸು. ಆ ಅಂತರ ಕಣ್ಣಿಗೆ ಕಾಣಬೇಕಾದರೆ ಹತ್ತು ನಿಮಿಷಕ್ಕೂ ಮೀರಿ ಕಲ್ಲು ತೂಗಬೇಕು, ಗೋಣಿದಾರಕ್ಕೆ ಅಷ್ಟು ತಾಳ್ಮೆ ಇಲ್ಲ. 1672ರಲ್ಲಿ ಫ್ರಾನ್ಸಿನ ಜಾನ್ ರಿಷೇ ಪ್ಯಾರಿಸಿನ ಲೋಲಕ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಯೆನ್ನಿಗೆ ಒಯ್ದಾಗ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದದ್ದು ಸುಮಾರು ಇಷ್ಟೇ ಅಂತರದಿಂದ. ಗಡಿಯಾರ ಕೆಟ್ಟಿದೆ ಎಂದು ಸುಮ್ಮನಾಗದೆ ಆತ ಅದನ್ನು ಬರೆದಿಟ್ಟ. ಭೂಮಿ ನಡುವಲ್ಲಿ ಉಬ್ಬಿದೆ ಎಂದು ವಾದಿಸಲು ನ್ಯೂಟನ್‌ಗೆ ಅದೊಂದು ಆಧಾರವಾಯಿತು.

ಹುಡುಗಿಯ ಪ್ರಶ್ನೆಯ ಇನ್ನರ್ಧ ಬಾಕಿ ಇತ್ತು: ಒಳಗೆ ಬರೆದಿರುವುದು ಆ ಸೂತ್ರವೇನಾ? ಇದು ಬಯಲಾದದ್ದು ಒಬ್ಬ ಕಿತಾಪತಿ ಹುಡುಗನಿಂದ. 'ಸಣ್ಣ ಕೋನದಿಂದ ಬಿಡಿ' ಎಂದು ಎಷ್ಟು ಹೇಳಿದರೂ ಕೇಳದೆ ಅವನು ಗುಂಡನ್ನು ತೊಂಬತ್ತು ಡಿಗ್ರಿಗೆ ಎಳೆದು ಬಿಟ್ಟ. ಹತ್ತು ಡಿಗ್ರಿಯಲ್ಲಿ 2.01 ಸೆಕೆಂಡ್ ಇದ್ದ ಅವಧಿ 2.37ಕ್ಕೆ ಏರಿತ್ತು. "ಎಷ್ಟು ಎಳೆದ್ರೂ ಟೈಮು ಒಂದೇ ಅಂತ ಹೇಳಿದ್ರಲ್ಲ ಮಿಸ್?" ಉದ್ದವನ್ನು ಗುರುತ್ವದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಗುಣಿಸುವ ಸೂತ್ರದಲ್ಲಿ ಕೋನ ಎಲ್ಲೂ ಇಲ್ಲ. ಒಳಗೆ ಬರೆದಿದ್ದು ಆ ಸೂತ್ರವೇ ಆಗಿದ್ದರೆ 2.37 ಬರುವಂತೆಯೇ ಇರಲಿಲ್ಲ. ಒಳಗಿರುವುದು ಅದಕ್ಕಿಂತ ಬುಡದ ಮಾತು: ಈ ಕ್ಷಣ ಗುಂಡು ಎಲ್ಲಿದೆ, ಅಲ್ಲಿ ಅದನ್ನು ಕೆಳಗೆ ಎಳೆಯುವ ಬಲ ಎಷ್ಟು, ಮುಂದಿನ ಕ್ಷಣಕ್ಕೆ ವೇಗ ಎಷ್ಟಾಗುತ್ತದೆ. ಸೂತ್ರ ಅದರಿಂದ ಹುಟ್ಟಿದ್ದು, ಅದೂ ಸಣ್ಣ ಕೋನಕ್ಕೆ ಮಾತ್ರ.

ಪೀಸಾದ ಇಗರ್ಜಿಯ ದೀಪ ತೂಗುವುದನ್ನು ನೋಡಿ ಗೆಲಿಲಿಯೋ ಲೋಲಕದ ಅವಧಿ ಬದಲಾಗದೆಂದು ಕಂಡುಕೊಂಡ ಎಂಬ ಕಥೆ ಅವನ ಶಿಷ್ಯ ವಿವಿಯಾನಿ ಬರೆದದ್ದು. ಪ್ರವಾಸಿಗರಿಗೆ ಇಂದು ತೋರಿಸುವ ದೀಪ ಅಲ್ಲಿಗೆ ಬಂದದ್ದೇ ಕಥೆಯ ಕಾಲದ ನಂತರ, 1587ರಲ್ಲಿ. ಕಥೆ ಹೇಗಾದರೂ ಇರಲಿ, ಕೋನ ಎಷ್ಟಿದ್ದರೂ ಅವಧಿ ಒಂದೇ ಎಂದು ಗೆಲಿಲಿಯೋ ನಂಬಿದ್ದ. ಹಾಗಲ್ಲ ಎಂದು ತಿಳಿದು ಅದಕ್ಕೊಂದು ಉಪಾಯ ಹೂಡಿದವನು 1656ರಲ್ಲಿ ಲೋಲಕ ಗಡಿಯಾರ ಮಾಡಿದ ಹೈಗೆನ್ಸ್. ನಮ್ಮ ಕಿತಾಪತಿ ಹುಡುಗ ಮಾತು ಕೇಳದೆ ತಲುಪಿದ್ದು ಅದೇ ಜಾಗಕ್ಕೆ. ಕಿಟಕಿಯ ಕಲ್ಲನ್ನು ತೊಂಬತ್ತು ಡಿಗ್ರಿಗೆ ಎಳೆದು ಬಿಟ್ಟಿದ್ದರೆ ಗಾಜು ಉಳಿಯುತ್ತಿರಲಿಲ್ಲ. ಸಿಮ್ಯುಲೇಶನ್ನಿನ ಪರವಾಗಿ ನಾನು ಹಿರಿಯ ಮೇಷ್ಟ್ರಿಗೆ ಕೊಟ್ಟ ಮೊದಲ ಗಟ್ಟಿ ವಾದ ಇದೇ. ಅವರು ನಕ್ಕರು, ಆದರೆ ಮರುದಿನ ತಾವೇ ಬಂದು ಕೂತು ಅರವತ್ತು, ಮೂವತ್ತು, ಇಪ್ಪತ್ತು ಡಿಗ್ರಿಗೆ ಎಷ್ಟೆಷ್ಟು ಬರುತ್ತದೆ ಎಂದು ಒಂದೊಂದಾಗಿ ಬರೆದುಕೊಂಡು ಹೋದರು.

ಸೈನ್ ಗೊತ್ತಿದ್ದ ಹತ್ತನೇ ತರಗತಿಯ ನಾಲ್ಕಾರು ಮಕ್ಕಳನ್ನು ಸಂಜೆ ಕೂರಿಸಿಕೊಂಡು ಕಂಪ್ಯೂಟರ್ ಮಾಡುವ ಕೆಲಸವನ್ನು ಬೋರ್ಡಿನ ಮೇಲೆ ಮಾಡಿದೆವು. ಒಂದು ಮೀಟರ್ ಲೋಲಕ, ಹತ್ತು ಡಿಗ್ರಿಯಿಂದ ಬಿಟ್ಟಿದ್ದು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಒಂದು ಹೆಜ್ಜೆ. ಒಬ್ಬಳು ಕೋನ ಹೇಳಬೇಕು, ಒಬ್ಬ ಅದಕ್ಕೆ ತಕ್ಕ ವೇಗೋತ್ಕರ್ಷ, ಇನ್ನೊಬ್ಬಳು ವೇಗ, ಮತ್ತೆ ಹೊಸ ಕೋನ. ಹಾರೆ ಹಿಡಿದವರಂತೆ ಸರದಿಯ ಮೇಲೆ ಎಳೆದರು. ಐದನೇ ಹೆಜ್ಜೆಗೆ ಗುಂಡು ನಡುಗೆರೆ ದಾಟಿತು! ಕಾಲು ಆಂದೋಲನಕ್ಕೆ ಅರ್ಧ ಸೆಕೆಂಡು, ಪೂರ್ತಿಗೆ ಎರಡು. ಪೈ ಇಲ್ಲ, ವರ್ಗಮೂಲ ಇಲ್ಲ, ಬರೀ ಕೂಡು-ಕಳೆ-ಗುಣಿಸು. "ಕಂಪ್ಯೂಟ್ರು ಇಷ್ಟೇನಾ?" ಎಂದು ಒಬ್ಬಳು ನಿರಾಸೆಯಿಂದಲೇ ಕೇಳಿದಳು.

2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯುವುದನ್ನು ನೋಡಲು ನಡುರಾತ್ರಿಯವರೆಗೆ ಟೀವಿ ಮುಂದೆ ಕೂತಿದ್ದ ಮಕ್ಕಳು ಬೆಳಿಗ್ಗೆ ಸಪ್ಪೆ ಮುಖ ಹಾಕಿಕೊಂಡು ಬಂದಿದ್ದರು. ಹಾಸನ ಜಿಲ್ಲೆಯವರಿಗೆ ಇಸ್ರೋ ದೂರದ ಹೆಸರಲ್ಲ. ಉಪಗ್ರಹಗಳನ್ನು ನೋಡಿಕೊಳ್ಳುವ ಎಂ.ಸಿ.ಎಫ್. 1982ರಿಂದ ಹಾಸನದಲ್ಲೇ ಇದೆ, ಅದರ ದೊಡ್ಡ ತಟ್ಟೆಗಳನ್ನು ಬಸ್ಸಿನಿಂದ ನೋಡದ ಮಕ್ಕಳಿಲ್ಲ. ಆ ವಾರ ಗುರುತ್ವದ ಪಾಠಕ್ಕೆ ನಾನು ಹೆಚ್ಚು ಪೀಠಿಕೆ ಹಾಕಬೇಕಾಗಲಿಲ್ಲ. ಗುರುತ್ವವನ್ನು 'ಚಂದ್ರ'ಕ್ಕೆ ಬದಲಿಸಿದರೆ ಎರಡು ಸೆಕೆಂಡಿನ ಲೋಲಕ ಸುಮಾರು ಐದು ಸೆಕೆಂಡಿಗೆ ಒಮ್ಮೆ, ಸೋಮಾರಿಯಾಗಿ ತೂಗುತ್ತದೆ. 'ಗುರು'ಗ್ರಹಕ್ಕೆ ಹಾಕಿದರೆ ಒಂದೂಕಾಲು ಸೆಕೆಂಡಿಗೆ ಚಡಪಡಿಸುತ್ತದೆ. ಗುರುತ್ವ ಆರನೇ ಒಂದು ಎಂದರೆ ಅವಧಿ ಆರು ಪಟ್ಟಾಗಬೇಕಲ್ಲ ಎಂದು ಕೇಳಿದವನಿಗೆ ವರ್ಗಮೂಲ ಏನು ಮಾಡುತ್ತದೆ ಎಂದು ಅವನ ಕಣ್ಣೆದುರೇ ತೋರಿಸಲು ಬಂತು. ಇಲ್ಲಿ ಕಲ್ಲು ಸೋಲುತ್ತದೆ. ಹೊಳೆಯಿಂದ ತಂದ ಕಲ್ಲನ್ನು ಚಂದ್ರನ ಮೇಲೆ ತೂಗಿಸಲು ಯಾವ ಮೇಷ್ಟ್ರಿಗೂ ಆಗದು.

ಲೋಲಕದಿಂದ ಗುರುತ್ವ ಅಳೆಯಬಹುದು ಎಂಬುದು ಆಟದ ಮಾತಲ್ಲ ಎಂದು ತಿಳಿಸಲು ಕ್ಯಾಪ್ಟನ್ ಬಸೇವಿಯ ಕಥೆ ಹೇಳಿದೆ. ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಈ ಅಧಿಕಾರಿ 1865ರಿಂದ ರಾಯಲ್ ಸೊಸೈಟಿಯ ಲೋಲಕಗಳನ್ನು ಹೊತ್ತು ಭಾರತದ ಉದ್ದಕ್ಕೂ ತಿರುಗಿ, ಊರೂರಲ್ಲಿ ಭೂಮಿ ಎಷ್ಟು ಎಳೆಯುತ್ತದೆ ಎಂದು ಅಳೆದವನು. 1871ರಲ್ಲಿ ಲಡಾಖಿನ ಎತ್ತರದ ಬಯಲಿನಲ್ಲಿ ಅದೇ ಕೆಲಸ ಮಾಡುತ್ತಾ ಸತ್ತ. ಮಕ್ಕಳು ಕೇಳಿದ್ದು ಅವನ ಬಗ್ಗೆ ಅಲ್ಲ, ಲೋಲಕ ಹೊತ್ತವರ ಬಗ್ಗೆ: "ಅಷ್ಟೆಲ್ಲ ಹೊತ್ಕೊಂಡೋದವ್ರು ಯಾರು ಮಿಸ್?"

ಸಿಮ್ಯುಲೇಶನ್ನಿನ ಪಟ್ಟಿಯಲ್ಲಿ ಕೊನೆಗೆ 'ಪ್ಲಾನೆಟ್ ಎಕ್ಸ್' ಎಂಬ ಗ್ರಹವೊಂದಿದೆ. ಅದರ ಗುರುತ್ವ ಎಷ್ಟೆಂದು ಬರೆದಿಲ್ಲ, ಲೋಲಕ ತೂಗಿಸಿ ಕಂಡುಹಿಡಿಯಬೇಕು. ಸೂತ್ರವನ್ನು ತಿರುಗಿಸಿ ಹಾಕಿಕೊಂಡು ಗುಂಪುಗಳು ಕೂತವು. ಭೂಮಿಗಿಂತ ಹೆಚ್ಚು, ಗುರುಗ್ರಹಕ್ಕಿಂತ ಕಡಿಮೆ ಎಂಬಲ್ಲಿಗೆ ಎಲ್ಲರೂ ಬೇಗ ಬಂದರು. ನಿಖರವಾಗಿ ಎಷ್ಟು ಎಂಬುದಕ್ಕೆ ಜಗಳ. ಒಂದು ಗುಂಪು ಒಂದೇ ಆಂದೋಲನ ಅಳೆದಿತ್ತು, ಇನ್ನೊಂದು ಇಪ್ಪತ್ತು. ಇಪ್ಪತ್ತರವರು ತಮ್ಮ ಉತ್ತರವೇ ಸರಿ ಎಂದು ಪಟ್ಟು ಹಿಡಿದರು, ಯಾಕೆ ಸರಿ ಎಂದು ಹೇಳಲೂ ಅವರಿಗೆ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೀರಲು ದನಿಯಲ್ಲಿ ಕೂಗಿಕೊಳ್ಳುತ್ತಿರುವಾಗಲೇ ಒಬ್ಬ ಕೇಳಿದ, "ಎಂ.ಸಿ.ಎಫ್.ನಲ್ಲಿ ಕೇಳಿದ್ರೆ ಸರಿಯಾಗಿ ಹೇಳ್ತಾರಾ ಮಿಸ್?"

ಅಂಥ ಗ್ರಹವೇ ಇಲ್ಲ, ಲೆಕ್ಕಕ್ಕೆಂದು ಮಾಡಿಟ್ಟದ್ದು ಎಂದೆ. ಅವನಿಗೆ ಸಿಟ್ಟೇ ಬಂತು. "ಇಲ್ದಿರೋ ಗ್ರಹಕ್ಕೆ ಇಷ್ಟೊತ್ತು ಒದ್ದಾಡುದ್ವಾ?" ಅವನಿಗೆ ಉತ್ತರ ಕೊಟ್ಟವಳು ಎರಡನೇ ಬೆಂಚಿನ ಅದೇ ಹುಡುಗಿ: "ಗ್ರಹ ಇಲ್ದಿದ್ರೂ ಅವ್ರು ಒಳಗೆ ಬರ್ದಿರೋ ನಂಬರ್ ಅದೆ ತಾನೆ? ನಾವು ಹಿಡ್ದಿದ್ದು ಅದನ್ನ." ಇಪ್ಪತ್ತರ ಗುಂಪು ಅಷ್ಟು ಹೊತ್ತಿಗೆ ಕಿಟಕಿಯ ಕಲ್ಲು ಬಿಚ್ಚಿಕೊಂಡು, ಕರೆಂಟು ಬರುವವರೆಗೆ ಇದರಲ್ಲೇ ಇಪ್ಪತ್ತು ಎಣಿಸ್ತೀವಿ ಎಂದು ಹೊರಗಿನ ಬೇವಿನ ಮರದ ಕಡೆ ಹೊರಟಿತ್ತು.